ಕಾರ್ಟ್ರಿಜ್, ಯೂಸ್ ಅಂಡ್ ಥ್ರೋ, ಸೇಫ್ಟಿ ರೇಜರ್: ಯಾವುದು ಯಾರಿಗೆ, ಬಳಸುವುದು ಹೇಗೆ

ಯಾವ ರೇಜರ್ ಹಿಡಿದರೂ ಕೂದಲು ಕತ್ತರಿಸುವುದು ಸ್ಟೇನ್‌ಲೆಸ್ ಸ್ಟೀಲಿನ ಹರಿತವಾದ ಅಂಚೇ. ಆ ಅಂಚು ಚರ್ಮಕ್ಕೆ ಯಾವ ಕೋನದಲ್ಲಿ ತಾಗಬೇಕು ಅನ್ನುವುದನ್ನು ಯಾರು ನಿರ್ಧರಿಸುತ್ತಾರೆ ಅನ್ನುವಲ್ಲಿ ಮಾತ್ರ ವ್ಯತ್ಯಾಸ. ಕಾರ್ಟ್ರಿಜ್‌ನಲ್ಲಿ, ಅಂದರೆ ಬ್ಲೇಡು ಹುದುಗಿಸಿದ ತಲೆಯನ್ನು ಹಿಡಿಗೆ ಸಿಕ್ಕಿಸುವ ಬಗೆಯಲ್ಲಿ, ಕೋನವನ್ನು ಕಾರ್ಖಾನೆಯವರೇ ಕೂರಿಸಿ ಕಳಿಸಿರುತ್ತಾರೆ. ತಲೆ ಅತ್ತಿತ್ತ ವಾಲಾಡಿ ಕೆನ್ನೆಗೆ ತಾನೇ ಹೊಂದಿಕೊಳ್ಳುತ್ತದೆ. ಎರಡು ಬದಿ ಬಾಯಿರುವ ಬ್ಲೇಡ್ ಹಾಕುವ ಹಳೆಯ ಸೇಫ್ಟಿ ರೇಜರಿನಲ್ಲಿ ಆ ಕೆಲಸ ನಿಮ್ಮ ಮಣಿಕಟ್ಟಿನದು. ಖರ್ಚು, ಗೀರು, ಗುಳ್ಳೆ, ಕಲಿಯಲು ಹಿಡಿಯುವ ಸಮಯ ಎಲ್ಲವೂ ಈ ಒಂದು ಸಂಗತಿಯ ಮೇಲೆಯೇ ನಿಂತಿವೆ.

ಬ್ಲೇಡ್ ಯಾಕೆ ಅಗ್ಗ, ಕಾರ್ಟ್ರಿಜ್ ಯಾಕೆ ದುಬಾರಿ

ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ತನ್ನ ರೇಜರನ್ನು ಮಾರುಕಟ್ಟೆಗೆ ತಂದದ್ದು 1903ರಲ್ಲಿ. ಮೊದಲ ವರ್ಷ ಹೋದದ್ದು 51 ರೇಜರ್, 168 ಬ್ಲೇಡ್ ಅಷ್ಟೇ. ಮರುವರ್ಷ ಪೇಟೆಂಟ್ ಸಿಕ್ಕಿತು, ಮಾರಾಟ 90,000 ದಾಟಿತು. ಆಗ ಸೆಟ್ಟಿನ ಬೆಲೆ 5 ಡಾಲರ್, ಆ ಕಾಲಕ್ಕೆ ದೊಡ್ಡ ಮೊತ್ತ. 1921ರಲ್ಲಿ ಪೇಟೆಂಟ್ ಮುಗಿದ ಮೇಲೆ ಯಾರು ಬೇಕಾದರೂ ಆ ಮಾದರಿಯ ರೇಜರ್ ಮತ್ತು ಬ್ಲೇಡ್ ಮಾಡಬಹುದಾಯಿತು. ನಡುವೆ ಉದ್ದ ಸೀಳು ಇರುವ ಇಂದಿನ ಬ್ಲೇಡಿನ ಆಕಾರ 1930ರ ಸುಮಾರಿಗೆ ನೆಲೆ ನಿಂತಿತು. ಟೋಪಾಜ್, ಸೆವೆನ್ ಓ ಕ್ಲಾಕ್, ಸೂಪರ್‌ಮ್ಯಾಕ್ಸ್, ಜಪಾನಿನ ಫೆದರ್, ಯಾವುದನ್ನು ತಂದರೂ ಯಾವ ಕಂಪನಿಯ ರೇಜರಿಗಾದರೂ ಕೂರುತ್ತದೆ. ಸೆಲೂನಿನಲ್ಲಿ ಕಾಗದದ ಸಮೇತ ಉದ್ದಕ್ಕೆ ಮುರಿದು ಅರ್ಧವನ್ನು ಕತ್ತಿಯ ಹಿಡಿಗೆ ಸಿಕ್ಕಿಸುತ್ತಾರಲ್ಲ, ಅದೂ ಇದೇ ಬ್ಲೇಡು. ಒಬ್ಬ ಬೆಲೆ ಏರಿಸಿದರೆ ಗಿರಾಕಿ ಪಕ್ಕದ ಪ್ಯಾಕೆಟ್ ತೆಗೆದುಕೊಳ್ಳುತ್ತಾನೆ. ಹೀಗಾಗಿ ಬೆಲೆ ಹೆಚ್ಚು ಏರುವುದಿಲ್ಲ.

ಕಾರ್ಟ್ರಿಜ್ ಹಾಗಲ್ಲ. ಜಿಲೆಟ್ ಕಂಪನಿಯ ಎರಡು ಬ್ಲೇಡಿನ ಟ್ರಾಕ್ ಟೂ ಬಂದದ್ದು 1971ರಲ್ಲಿ, ಮೂರು ಬ್ಲೇಡಿನ ಮ್ಯಾಕ್ ತ್ರೀ 1998ರಲ್ಲಿ, ಐದು ಬ್ಲೇಡಿನ ಫ್ಯೂಷನ್ 2006ರಲ್ಲಿ. ಪ್ರತಿ ಸಲವೂ ಹಿಡಿಗೆ ಸಿಕ್ಕಿಸುವ ಕೊಂಡಿ ಬೇರೆ, ಹಿಡಿ ಕೊಂಡವನು ಅದೇ ಕಂಪನಿಯ ತಲೆಗೇ ಕಟ್ಟುಬೀಳಬೇಕು. ಯೂಸ್ ಅಂಡ್ ಥ್ರೋ 1975ರಲ್ಲಿ ಬಿಕ್ ಕಂಪನಿ ಜನಪ್ರಿಯಗೊಳಿಸಿದ ಬಗೆ. ಅದರಲ್ಲಿ ಹಿಡಿಯೂ ಕಸಕ್ಕೇ ಹೋಗುತ್ತದೆ.

ಖರ್ಚಿನ ಲೆಕ್ಕ ಹಾಕಿ ನೋಡೋಣ. ದಿನ ಬಿಟ್ಟು ದಿನ ಶೇವ್ ಮಾಡುವವರಿಗೆ ವರ್ಷಕ್ಕೆ ಸುಮಾರು 180 ಸಲ. ಒಂದು ಬ್ಲೇಡ್ 4 ರೂಪಾಯಿ, ನಾಲ್ಕು ಶೇವ್ ಬರುತ್ತದೆ ಎಂದಿಟ್ಟುಕೊಂಡರೆ 45 ಬ್ಲೇಡಿಗೆ 180 ರೂಪಾಯಿ. ಹಲವು ಬ್ಲೇಡಿನ ಕಾರ್ಟ್ರಿಜ್ 200 ರೂಪಾಯಿ, ಹತ್ತು ಶೇವ್ ಎಂದರೆ 18 ಕಾರ್ಟ್ರಿಜ್, 3,600 ರೂಪಾಯಿ. ಯೂಸ್ ಅಂಡ್ ಥ್ರೋ 25 ರೂಪಾಯಿ, ಮೂರು ಶೇವ್ ಎಂದರೆ 60 ರೇಜರ್, 1,500 ರೂಪಾಯಿ. ಬೆಲೆ ಅಂಗಡಿಗೊಂದು ಇರುತ್ತದೆ, ನಿಮ್ಮ ಅಂಗಡಿಯದನ್ನು ಹಾಕಿಕೊಂಡು ಗುಣಿಸಿ. ಆದರೆ ಸೇಫ್ಟಿ ರೇಜರಿನ ಪರ ವಾದಿಸುವವರು ಒಂದನ್ನು ಮರೆಯುತ್ತಾರೆ. 2010ರಲ್ಲಿ ಭಾರತಕ್ಕೆಂದೇ ತಂದ ಜಿಲೆಟ್ ಗಾರ್ಡ್‌ನಂಥ ಒಂದೇ ಬ್ಲೇಡಿನ ಕಾರ್ಟ್ರಿಜ್ ಬಂದಾಗ ಹಿಡಿ ಸಮೇತ 15 ರೂಪಾಯಿ, ಮರುಭರ್ತಿಗೆ 5 ರೂಪಾಯಿ ಇತ್ತು. ಈಗ ಮರುಭರ್ತಿಗೆ 12 ರೂಪಾಯಿ, ನಾಲ್ಕು ಶೇವ್ ಎಂದು ಹಿಡಿದರೂ ವರ್ಷದ ಖರ್ಚು 540 ರೂಪಾಯಿ. ಅದನ್ನು ಬಳಸುತ್ತಿರುವವರು ಹಣ ಉಳಿಸಲೆಂದು 1,500 ರೂಪಾಯಿ ಕೊಟ್ಟು ಸೇಫ್ಟಿ ರೇಜರ್ ಕೊಂಡರೆ ಅಸಲು ಹುಟ್ಟಲು ನಾಲ್ಕು ವರ್ಷ ಬೇಕು. ದುಬಾರಿ ಕಾರ್ಟ್ರಿಜ್‌ನವರಿಗಾದರೆ ಆರೇ ತಿಂಗಳು ಸಾಕು.

ಗುಳ್ಳೆ ಏಳುವುದೇಕೆ

ಹಣಕ್ಕಿಂತ ದೊಡ್ಡ ಕಾರಣ ಕುತ್ತಿಗೆಯ ಗುಳ್ಳೆ. ಹಲವು ಬ್ಲೇಡಿನ ತಲೆಯಲ್ಲಿ ಮೊದಲ ಬ್ಲೇಡು ಕೂದಲನ್ನು ಕತ್ತರಿಸುತ್ತಲೇ ಬುಡದಿಂದ ತುಸು ಮೇಲಕ್ಕೆಳೆಯುತ್ತದೆ. ಅದು ಒಳಕ್ಕೆ ಸರಿಯುವ ಮೊದಲೇ ಹಿಂದಿನ ಬ್ಲೇಡು ಇನ್ನೊಮ್ಮೆ ಕತ್ತರಿಸುತ್ತದೆ. ಉಳಿದ ತುದಿ ಚರ್ಮದ ಮಟ್ಟಕ್ಕಿಂತ ಕೆಳಗೆ ಇಳಿಯುತ್ತದೆ. ನೆಟ್ಟಗಿನ ಕೂದಲಿನವರಿಗೆ ಇದರಿಂದ ನಯವಾದ ಕೆನ್ನೆ ಸಿಗುತ್ತದೆ, ತೊಂದರೆಯೇನಿಲ್ಲ. ಗುಂಗುರು, ಒರಟು ಗಡ್ಡದವರಿಗೆ ಮಾತ್ರ ಚೂಪಾದ ಆ ತುದಿ ಹೊರಬರುವಾಗ ದಾರಿ ತಪ್ಪಿ ಚರ್ಮದೊಳಗೇ ಬೆಳೆಯುತ್ತದೆ. ದವಡೆಯ ಕೆಳಗೆ ಕೆಂಪು ಗುಳ್ಳೆ, ಆಮೇಲೆ ಕಪ್ಪು ಕಲೆ. ಒಂದೇ ಅಂಚು ಒಂದು ಸಲ ಹೋಗುವಾಗ ಕೂದಲು ಚರ್ಮದ ಮಟ್ಟದಲ್ಲೇ ತುಂಡಾಗುತ್ತದೆ. ಜೊತೆಗೆ, ಐದು ಬ್ಲೇಡಿನ ತಲೆಯನ್ನು ಮೂರು ಸಲ ಎಳೆದರೆ ಅದೇ ಜಾಗವನ್ನು ಹದಿನೈದು ಅಂಚು ಉಜ್ಜಿದಂತಾಯಿತು.

ಸೇಫ್ಟಿ ರೇಜರಿಗೆ ಬದಲಾಯಿಸಿದ ಮಾತ್ರಕ್ಕೆ ಗುಳ್ಳೆ ಮಾಯವಾಗುತ್ತದೆ ಎಂದೇನಿಲ್ಲ. ಅದರಲ್ಲೂ ಕೂದಲಿನ ಎದುರಿಗೆ ಒತ್ತಿ ಎಳೆದರೆ ಪರಿಣಾಮ ಅದೇ. ಕೀವು ತುಂಬಿದ ಮೊಡವೆ ಇದ್ದಾಗ ಯಾವ ರೇಜರೂ ಬೇಡ, ಟ್ರಿಮ್ಮರಿನಲ್ಲಿ ಸಣ್ಣಗೆ ಬಿಡಿ.

ವಾರಕ್ಕೊಮ್ಮೆ ಮಾತ್ರ ಶೇವ್ ಮಾಡುವವರಿಗೂ ಸೇಫ್ಟಿ ರೇಜರ್ ಅನುಕೂಲ. ಉದ್ದ ಕೂದಲು ಕಾರ್ಟ್ರಿಜ್‌ನ ಬ್ಲೇಡುಗಳ ನಡುವಿನ ಸಣ್ಣ ಸಂದಿಯಲ್ಲಿ ನೊರೆಯೊಂದಿಗೆ ಗಟ್ಟಿಯಾಗಿ ಕೂತುಬಿಡುತ್ತದೆ, ನಲ್ಲಿಗೆ ಹಿಡಿದರೂ ಬಿಡುವುದಿಲ್ಲ. ಇದಕ್ಕೆ ಬದಲು ಕೆಲವರಿಗೆ ಕಾರ್ಟ್ರಿಜ್‌ನಲ್ಲೇ ಇರುವುದು ಮೇಲು: ಕೈ ನಡುಗುವವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಕನ್ನಡಿಯಿಲ್ಲದೆ ಸ್ನಾನ ಮಾಡುತ್ತಲೇ ಶೇವ್ ಮುಗಿಸುವವರು, ಕೈಚೀಲವೊಂದನ್ನೇ ಹಿಡಿದು ವಿಮಾನದಲ್ಲಿ ಓಡಾಡುವವರು. ಬಿಡಿ ಬ್ಲೇಡನ್ನು ಕ್ಯಾಬಿನ್ನಿಗೆ ಬಿಡುವುದಿಲ್ಲ, ಚೆಕ್-ಇನ್ ಲಗೇಜಿಗೇ ಹಾಕಬೇಕು.

ಮೊದಲ ರೇಜರ್ ಕೊಳ್ಳುವಾಗ

ಎರಡು ಬಗೆ ಸಿಗುತ್ತವೆ. ಮೂರು ತುಂಡಿನದರಲ್ಲಿ ಮೇಲಿನ ಮುಚ್ಚಳ, ಕೆಳಗಿನ ತಟ್ಟೆ, ಹಿಡಿ ಬಿಡಿಬಿಡಿಯಾಗಿ ಬರುತ್ತವೆ. ಬಟರ್‌ಫ್ಲೈ ಮಾದರಿಯಲ್ಲಿ ಹಿಡಿಯ ಬುಡ ತಿರುಗಿಸಿದರೆ ತಲೆಯ ಎರಡು ಬಾಗಿಲು ತೆರೆದುಕೊಳ್ಳುತ್ತವೆ. ಎರಡನೆಯದು ನೋಡಲು ಚೆಂದ, ಬ್ಲೇಡ್ ಹಾಕಲು ಸುಲಭ. ಆದರೆ ಒಳಗಿನ ಕೀಲುಗಳಲ್ಲಿ ಸೋಪು, ಬೋರ್‌ವೆಲ್ ನೀರಿನ ಬಿಳಿ ಸುಣ್ಣದ ಪದರ ಸೇರಿಕೊಂಡು ಕೆಲವು ವರ್ಷದಲ್ಲಿ ಬಿಗಿಯಾಗುತ್ತದೆ. ಮೊದಲ ರೇಜರ್ ಆದರೆ ಮೂರು ತುಂಡಿನದನ್ನೇ ತೆಗೆದುಕೊಳ್ಳಿ. ಕೆಡಲು ಅದರಲ್ಲಿ ಏನೂ ಇಲ್ಲ, ಬಿಚ್ಚಿ ತೊಳೆದರಾಯಿತು.

ತಟ್ಟೆಯ ಅಂಚು ನೇರ ಪಟ್ಟಿಯಂತಿರಲಿ. ಬಾಚಣಿಗೆಯಂತೆ ಹಲ್ಲುಹಲ್ಲು ಇರುವುದು ಉದ್ದ ಗಡ್ಡಕ್ಕೆ ಒಳ್ಳೆಯದು, ಹೊಸಬರಿಗೆ ಬೇಡ. ಬ್ಲೇಡಿಗೂ ಈ ಪಟ್ಟಿಗೂ ನಡುವಿನ ಸಂದಿ ಹೆಚ್ಚಿದ್ದಷ್ಟೂ, ಬ್ಲೇಡ್ ಹೊರಚಾಚಿದ್ದಷ್ಟೂ ರೇಜರ್ ಖಡಕ್ಕಾಗಿ ಕತ್ತರಿಸುತ್ತದೆ. ಅಂಗಡಿಯವನು ‘ಮೈಲ್ಡ್’ ಅಂದದ್ದನ್ನೇ ಕೇಳಿ ಪಡೆಯಿರಿ. ತೂಕ 70ರಿಂದ 100 ಗ್ರಾಂ ಇದ್ದರೆ ಸಾಕು. 30 ಗ್ರಾಮಿನ ಪ್ಲಾಸ್ಟಿಕ್ ಹಿಡಿಯದಾದರೆ ಭಾರ ಸಾಲದೆ ಕೈ ತಾನಾಗಿ ಒತ್ತಲು ಶುರುಮಾಡುತ್ತದೆ, ಮೊದಲ ಗೀರು ಬೀಳುವುದೇ ಅಲ್ಲಿ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲಿನದು ತಲೆಮಾರು ಬಾಳುತ್ತದೆ. ಸತುವಿನ ಮಿಶ್ರಲೋಹಕ್ಕೆ ಕ್ರೋಮ್ ಲೇಪಿಸಿದ್ದು ಅಗ್ಗ. ಬಾಳಿಕೆ ಚೆನ್ನಾಗಿಯೇ ಇದೆ, ಆದರೆ ಕೆಳಗೆ ಬಿದ್ದರೆ ಅಥವಾ ಅತಿಯಾಗಿ ಬಿಗಿದರೆ ತಿರುಪಿನ ಕಡ್ಡಿ ಮುರಿಯುತ್ತದೆ.

ಬ್ಲೇಡುಗಳನ್ನು ಮೂರ್ನಾಲ್ಕು ಕಂಪನಿಯದು ಐದೈದು ತನ್ನಿ. ಒಂದೇ ರೇಜರಿನಲ್ಲಿ ಒಂದು ಬ್ಲೇಡ್ ಎಳೆದಂತಾಗುತ್ತದೆ, ಇನ್ನೊಂದು ಜಾರಿಕೊಂಡು ಹೋಗುತ್ತದೆ. ಗಡ್ಡ, ಚರ್ಮ ಅವರವರದು, ಆದ್ದರಿಂದ ಯಾರ ಶಿಫಾರಸೂ ಪೂರ್ತಿ ಒಪ್ಪುವುದಿಲ್ಲ. ಫೆದರ್ ಬಹಳ ಹರಿತ. ಕೈ ಪಳಗುವವರೆಗೆ ಅದನ್ನು ದೂರ ಇಡುವುದು ಜಾಣತನ.

ಬ್ಲೇಡ್ ಕೂರಿಸುವುದು

ಕೈ ಒಣಗಿರಲಿ. ಸಿಂಕಿನ ತೂತು ಮುಚ್ಚಿಕೊಳ್ಳಿ. ಹಿಡಿಯನ್ನು ಬಿಚ್ಚಿ, ಮುಚ್ಚಳವನ್ನು ಬೋರಲು ಹಾಕಿ ಅಂಗೈಯಲ್ಲಿಟ್ಟುಕೊಳ್ಳಿ, ಕಡ್ಡಿ ಮೇಲಕ್ಕೆ ಬರುತ್ತದೆ. ಕಾಗದ ಬಿಚ್ಚಿದ ಬ್ಲೇಡನ್ನು ಯಾವಾಗಲೂ ಗಿಡ್ಡ ತುದಿಗಳಲ್ಲೇ ಹಿಡಿಯಿರಿ, ಉದ್ದದ ಅಂಚು ಎರಡೂ ಬಾಯಿಯೇ. ಕಡ್ಡಿಯ ಮೇಲೆ ಬ್ಲೇಡ್ ಇಳಿಸಿ, ಅದರ ಮೇಲೆ ತಟ್ಟೆ ಕೂರಿಸಿ. ತಟ್ಟೆಯ ಉಬ್ಬು ಬದಿ ಬ್ಲೇಡಿನ ಕಡೆಗೇ ಇರಬೇಕು. ತಿರುವುಮುರುವು ಹಾಕಿದರೆ ಬ್ಲೇಡ್ ಬಾಗುವುದೇ ಇಲ್ಲ, ರೇಜರ್ ಚರ್ಮ ಕೀಳುತ್ತದೆ.

ಈಗ ತಲೆಯನ್ನು ಗಿಡ್ಡ ಬದಿಗಳಿಂದ ಹಿಡಿದು ಹಿಡಿಯನ್ನು ತಿರುಗಿಸಿ. ಬ್ಲೇಡಿನ ದಪ್ಪ 0.1 ಮಿಲಿಮೀಟರ್ ಮಾತ್ರ. ಬಿಗಿಯಾದಂತೆ ಅದು ಮುಚ್ಚಳದ ಕಮಾನಿಗೆ ಸರಿಯಾಗಿ ಬಾಗಿ ಗಟ್ಟಿಯಾಗುತ್ತದೆ. ಬೆರಳಿನ ಬಲಕ್ಕೆ ನಿಂತ ಕಡೆ ನಿಲ್ಲಿಸಿ. ಇಕ್ಕಳ, ಬಟ್ಟೆ ಸುತ್ತಿ ತಿರುಗಿಸುವುದು ಬೇಡ. ಮುಗಿದ ಮೇಲೆ ರೇಜರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಎರಡೂ ಬದಿ ನೋಡಿ. ಬ್ಲೇಡು ಎಡ ಬಲ ಸಮನಾಗಿ ಕೂದಲೆಳೆಯಷ್ಟು ಇಣುಕಬೇಕು. ಒಂದು ಬದಿ ಹೆಚ್ಚಿದ್ದರೆ ಅದು ಗೀರುತ್ತದೆ, ಇನ್ನೊಂದು ಕತ್ತರಿಸುವುದಿಲ್ಲ. ಸಡಿಲಿಸಿ ಮತ್ತೆ ಕೂರಿಸಿ. ಹೊಸಬರು ‘ಈ ಕಂಪನಿಯ ಬ್ಲೇಡ್ ಸರಿಯಿಲ್ಲ’ ಅನ್ನುವ ದೂರಿನಲ್ಲಿ ಎಷ್ಟೋ ಸಲ ಇರುವುದು ಈ ವಾರೆಯೇ.

ನೆನೆಸುವುದು, ನೊರೆ

ಒಣ ಕೂದಲು ಬಲು ಗಟ್ಟಿ. ನೀರು ಹೀರಿದರೆ ಉಬ್ಬಿ ಮೆತ್ತಗಾಗುತ್ತದೆ, ಅದಕ್ಕೆ ಎರಡು ಮೂರು ನಿಮಿಷ ಬೇಕು. ಸ್ನಾನವಾದ ಮೇಲೆ ಶೇವ್ ಮಾಡುವುದು ಉತ್ತಮ. ಆಗದಿದ್ದರೆ ಬೆಚ್ಚಗಿನ ನೀರಿನಲ್ಲಿ ಮುಖ ತೊಳೆದು, ಒದ್ದೆ ಟವಲನ್ನು ಗಡ್ಡದ ಮೇಲೆ ಹಿಡಿದಿರಿ.

ಕ್ರೀಮ್ ಬಾದಾಮಿಯಷ್ಟು ಸಾಕು. ಒದ್ದೆ ಮಾಡಿ ಒಮ್ಮೆ ಕೊಡವಿದ ಬ್ರಷ್ಷಿಗೆ ಹಾಕಿ, ಕೆನ್ನೆಯ ಮೇಲೆ ಸುತ್ತು ಸುತ್ತಾಗಿ ಒಂದು ನಿಮಿಷ ತಿರುಗಿಸಿ. ನಡುನಡುವೆ ಬ್ರಷ್ಷಿನ ತುದಿಯನ್ನಷ್ಟೇ ನೀರಿಗೆ ತಾಗಿಸಿ. ನೊರೆ ಮೊಸರಿನಂತೆ ಮಂದವಾಗಿ, ಹೊಳಪಾಗಿ ಇರಬೇಕು. ಗುಳ್ಳೆಗುಳ್ಳೆಯಾಗಿ ಉಬ್ಬಿದ್ದರೆ ನೀರು ಅಥವಾ ಗಾಳಿ ಜಾಸ್ತಿಯಾಗಿದೆ, ಅಂಟಿಕೊಂಡು ಒಣಗುತ್ತಿದ್ದರೆ ನೀರು ಸಾಲದು. ಕಾರ್ಟ್ರಿಜ್ ತಲೆಯಲ್ಲಿ ಜಾರುವ ಪಟ್ಟಿ ಇರುತ್ತದೆ, ಕಳಪೆ ನೊರೆಯನ್ನೂ ಅದು ಸುಧಾರಿಸಿಕೊಂಡು ಹೋಗುತ್ತದೆ. ಸೇಫ್ಟಿ ರೇಜರಿನಲ್ಲಿ ಆ ಆಸರೆ ಇಲ್ಲ.

ಬೆಂಗಳೂರಿನ ಹಲವು ಬಡಾವಣೆಗಳಲ್ಲಿ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ಲಿನ ಗಡಸು ನೀರಿನದೇ ಸಮಸ್ಯೆ. ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಜಿಗುಟು ಗಸಿಯಾಗುತ್ತವೆ, ನೊರೆ ಬರುವ ಮೊದಲೇ ಕುಸಿಯುತ್ತದೆ. ಕ್ರೀಮ್ ಒಂದೂವರೆ ಪಟ್ಟು ಹಾಕಿ, ನೊರೆಗೆ ಮಾತ್ರ ಅರ್ಧ ಲೋಟ ಕುಡಿಯುವ ನೀರು ಬಳಸಿ. ಮುಖ ತೊಳೆಯಲು ನಲ್ಲಿ ನೀರೇ ಆದೀತು.

ಎಳೆಯುವ ರೀತಿ

ಮೊದಲು ಒಣ ಗಡ್ಡದ ಮೇಲೆ ಬೆರಳಾಡಿಸಿ ಕೂದಲು ಯಾವ ಕಡೆ ಮಲಗಿದೆ ನೋಡಿಕೊಳ್ಳಿ. ಕೆನ್ನೆಯಲ್ಲಿ ಸಾಮಾನ್ಯವಾಗಿ ಕೆಳಮುಖ. ಕುತ್ತಿಗೆಯಲ್ಲಿ ಹಾಗೆಂದು ಹೇಳಲಾಗದು: ಅನೇಕರಿಗೆ ಗಂಟಲಿನ ಉಬ್ಬಿನ ಅಕ್ಕಪಕ್ಕ ಮೇಲ್ಮುಖ, ದವಡೆಯ ಮೂಲೆಯಲ್ಲಿ ಸುಳಿ. ಕುತ್ತಿಗೆಯಲ್ಲಿ ಮೇಲಿನಿಂದ ಕೆಳಗೆ ಎಳೆದರೆ ‘ಕೂದಲಿನ ಜೊತೆ’ ಎಂದುಕೊಂಡವರು ನಿಜಕ್ಕೂ ಎದುರಿಗೇ ಎಳೆಯುತ್ತಿರುತ್ತಾರೆ.

ಕೋನ ಸಿಗಿಸುವ ಉಪಾಯ ಹೀಗೆ. ರೇಜರಿನ ಮುಚ್ಚಳವನ್ನು ಕೆನ್ನೆಗೆ ಚಪ್ಪಟೆಯಾಗಿ ಇಡಿ, ಹಿಡಿ ನೆಲಕ್ಕೆ ಸಮಾನಾಂತರವಾಗಿ ಹೊರಕ್ಕೆ ಚಾಚಿರುತ್ತದೆ. ಹಾಗೇ ಕೆಳಗೆ ಎಳೆಯುತ್ತಾ ಹಿಡಿಯನ್ನು ನಿಧಾನ ಇಳಿಸಿ. ಒಂದು ಹಂತದಲ್ಲಿ ಬ್ಲೇಡ್ ಕೂದಲಿಗೆ ತಾಗಿ ಕರಕರ ಸದ್ದು ಶುರುವಾಗುತ್ತದೆ. ಅಲ್ಲಿಗೆ ಬ್ಲೇಡ್ ಚರ್ಮಕ್ಕೆ ಸುಮಾರು 30 ಡಿಗ್ರಿಯಲ್ಲಿದೆ. ಹಿಡಿ ಇನ್ನೂ ಇಳಿದರೆ ಅಂಚು ಚರ್ಮವನ್ನು ಕೆರೆಯುತ್ತದೆ, ಸದ್ದೂ ಒರಟಾಗುತ್ತದೆ. ದವಡೆ ತಿರುಗಿದ ಕಡೆ, ಗಲ್ಲದ ಮೇಲೆ ಹಿಡಿಯ ಕೋನವೂ ತಿರುಗಬೇಕು. ಕಾರ್ಟ್ರಿಜ್‌ನ ತಲೆ ತಾನೇ ಮಾಡುತ್ತಿದ್ದ ಕೆಲಸ ಇದು. ಕಿವಿಯನ್ನು ನಂಬಿ, ಫ್ಯಾನ್ ಆರಿಸಿ ಕೇಳಿದರೆ ಬೇಗ ಪಳಗುತ್ತದೆ.

ಒತ್ತಡ ಬೇಡವೇ ಬೇಡ. ರೇಜರನ್ನು ಹಿಡಿಯ ತುದಿಯ ಹತ್ತಿರ ಮೂರು ಬೆರಳಲ್ಲಿ ಹಿಡಿದು ಅದರ ಭಾರವೇ ಕೆಲಸ ಮಾಡಲು ಬಿಡಿ. ಒಂದೊಂದು ಎಳೆತ ಎರಡು ಮೂರು ಸೆಂಟಿಮೀಟರ್. ಇನ್ನೊಂದು ಕೈಯಿಂದ ಚರ್ಮವನ್ನು ಹಿಂದಕ್ಕೆ ಬಿಗಿಹಿಡಿದಿರಿ. ರೇಜರನ್ನು ಅಡ್ಡಡ್ಡ ಜಾರಿಸಬಾರದು, ಈಳಿಗೆ ಮಣೆಯಲ್ಲಿ ಹೋಳಾದ ಹಾಗೆ ಚರ್ಮ ಸೀಳುತ್ತದೆ. ಮೂರ್ನಾಲ್ಕು ಎಳೆತಕ್ಕೊಮ್ಮೆ ಇನ್ನೊಂದು ಬದಿ ತಿರುಗಿಸಿ, ಎರಡೂ ತುಂಬಿದಾಗ ನೀರಿನಲ್ಲಿ ಅದ್ದಿ.

ಮೊದಲ ಸುತ್ತು ಕೂದಲಿನ ಜೊತೆಗೆ. ಮತ್ತೆ ನೊರೆ ಹಚ್ಚಿ ಎರಡನೆಯದು ಅಡ್ಡಕ್ಕೆ, ಕಿವಿಯಿಂದ ಮೂಗಿನ ಕಡೆಗೆ. ಆಫೀಸಿಗೆ ಹೋಗಲು ಇಷ್ಟೇ ಧಾರಾಳ. ಸೆಲೂನಿನಲ್ಲಿ ರಿವರ್ಸ್ ಅನ್ನುವ ಮೂರನೆಯ ಸುತ್ತು, ಅಂದರೆ ಕೂದಲಿನ ಎದುರಿಗೆ, ಮೊದಲ ಎರಡು ಮೂರು ವಾರ ಬೇಡ. ಗುಳ್ಳೆ ಏಳುವವರಿಗೆ ಕುತ್ತಿಗೆಯಲ್ಲಿ ಎಂದಿಗೂ ಬೇಡ. ಮೇಲ್ದುಟಿಯಲ್ಲಿ ಹಲ್ಲಿನ ಮೇಲೆ ತುಟಿ ಬಿಗಿದುಕೊಂಡು ಒಂದು ಸೆಂಟಿಮೀಟರಿನ ಚಿಕ್ಕ ಎಳೆತಗಳು. ಗಂಟಲಿನ ಉಬ್ಬಿನ ಮೇಲೆ ನೇರ ಎಳೆಯದೆ, ಎಂಜಲು ನುಂಗಿ ಹಿಡಿದು ಅಥವಾ ಚರ್ಮವನ್ನು ಪಕ್ಕಕ್ಕೆ ಸರಿಸಿ ಚಪ್ಪಟೆ ಜಾಗದಲ್ಲಿ ಶೇವ್ ಮಾಡಿ.

ಮುಗಿದ ಮೇಲೆ ತಣ್ಣೀರು, ಆಮೇಲೆ ಒದ್ದೆ ಮಾಡಿದ ಪಟಿಕದ ಕಲ್ಲು. ಪಟಿಕ ಎಲ್ಲಿ ಚುರ್ ಅನ್ನುತ್ತದೋ ಅಲ್ಲಿ ನೀವು ಒತ್ತಿದ್ದೀರಿ. ಇದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ. ಅರ್ಧ ನಿಮಿಷ ಬಿಟ್ಟು ತೊಳೆಯಿರಿ, ಹಾಗೇ ಒಣಗಲು ಬಿಟ್ಟರೆ ಚರ್ಮ ಬಿರಿಯುತ್ತದೆ.

ಎಲ್ಲಿ ತಪ್ಪುತ್ತದೆ

ಸಾಸಿವೆ ಕಾಳಿನಷ್ಟು ರಕ್ತದ ಚುಕ್ಕೆಗಳು ಹಲವು ಕಡೆ ಬಂದರೆ ಒತ್ತಡ ಜಾಸ್ತಿ ಅಥವಾ ಒಂದೇ ಜಾಗಕ್ಕೆ ಹಲವು ಸಲ ಎಳೆದಿದ್ದೀರಿ. ಉದ್ದದ ಗೀರು ಒಂದೇ ಇದ್ದರೆ ರೇಜರ್ ಪಕ್ಕಕ್ಕೆ ಜಾರಿದೆ. ಗಾಯವಿಲ್ಲದೆ ಕುತ್ತಿಗೆಯೆಲ್ಲಾ ಉರಿದರೆ ನೊರೆ ಒಣಗಿದ ಮೇಲೆ ಎಳೆದಿದ್ದೀರಿ, ಅಥವಾ ಬ್ಲೇಡ್ ಮೊಂಡಾಗಿದೆ. ರೇಜರ್ ಟಕಟಕ ಎಂದು ಕುಪ್ಪಳಿಸಿದರೆ ತಿರುಪು ಸಡಿಲ. ಹೊಸ ಬ್ಲೇಡ್ ಮೊದಲ ದಿನ ಒರಟಾಗಿದ್ದು ಎರಡನೆಯ ದಿನ ಹದವಾಗುವುದು ಸಹಜ, ಕೂಡಲೇ ಎಸೆಯಬೇಡಿ.

ಕಾರ್ಟ್ರಿಜ್‌ನಲ್ಲೇ ಉಳಿಯುವವರಿಗೂ ಹೆಚ್ಚಿನ ತೊಂದರೆ ಬರುವುದು ಮೊಂಡಾದ ಮೇಲೂ ಎಳೆಯುವುದರಿಂದ. 200 ರೂಪಾಯಿ ಕೊಟ್ಟದ್ದಲ್ಲವೇ ಎಂದು ತಿಂಗಳುಗಟ್ಟಲೆ ಉಜ್ಜುತ್ತಾರೆ. ಜಾರುವ ಪಟ್ಟಿಯ ಬಣ್ಣ ಮಾಸಿದೆಯೇ ಎಂದು ನೋಡುವುದಕ್ಕಿಂತ, ಕೂದಲು ಎಳೆದ ಅನುಭವ ಬಂದ ದಿನವೇ ಬದಲಿಸಿ. ಒತ್ತಬೇಡಿ, ಒಂದು ಜಾಗಕ್ಕೆ ಒಂದೇ ಎಳೆತ, ಕುತ್ತಿಗೆಯಲ್ಲಿ ಕೂದಲಿನ ಜೊತೆಗೆ ಮಾತ್ರ. ತಲೆಯನ್ನು ಹಿಂಬದಿಯಿಂದ ನಲ್ಲಿಗೆ ಹಿಡಿದರೆ ಸಂದಿಯ ಕೂದಲು ಮುಂದಕ್ಕೆ ಬರುತ್ತದೆ. ಯೂಸ್ ಅಂಡ್ ಥ್ರೋ ಪ್ರಯಾಣಕ್ಕೆ, ಆಸ್ಪತ್ರೆ ಚೀಲಕ್ಕೆ ಸರಿ. ದಿನಬಳಕೆಗೆ ಅದು ಮೂರರಲ್ಲಿ ಕಡೆಯ ಆಯ್ಕೆ. ಹಗುರ ಹಿಡಿ, ಅಲುಗಾಡದ ತಲೆ, ಎರಡೂ ಕೊರತೆ ಅದರಲ್ಲಿವೆ.

ಬ್ಲೇಡ್ ಯಾವಾಗ ಬಿಸಾಕಬೇಕು, ಎಲ್ಲಿಗೆ

ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗಿರುವ ಕೂದಲು ಬ್ಲೇಡನ್ನು ಹಾಳು ಮಾಡುವುದು ಹೇಗೆ ಎಂದು ಅಮೆರಿಕದ ಎಂಐಟಿಯ ಸಂಶೋಧಕರು ಸೂಕ್ಷ್ಮದರ್ಶಕದಲ್ಲಿ ನೋಡಿ 2020ರಲ್ಲಿ ಪ್ರಕಟಿಸಿದರು. ಅಂಚು ನಿಧಾನ ಸವೆಯುವುದಕ್ಕಿಂತ, ಕೂದಲು ಬಾಗಿ ಓರೆಯಾಗಿ ಒತ್ತಿದಾಗ ಉಕ್ಕಿನ ರಚನೆ ಏಕರೂಪವಾಗಿಲ್ಲದ ಕಡೆ ಚಿಕ್ಕ ಚಿಕ್ಕ ಚಕ್ಕೆ ಹಾರಿಹೋಗುತ್ತದೆ. ಹೀಗಿರುವಾಗ ಟವಲಿನಿಂದ ಬ್ಲೇಡಿನ ಬಾಯಿ ಒರೆಸುವುದು ಬೇಡ. ರೇಜರನ್ನು ಬಿಚ್ಚಿ ನೀರು ಹಾಯಿಸಿ, ಕೊಡವಿ, ನೆಟ್ಟಗೆ ನಿಲ್ಲಿಸಿ. ನಾಲ್ಕೈದು ಶೇವಿಗೆ ಬ್ಲೇಡ್ ಬದಲಿಸಿ. ಒರಟು ಗಡ್ಡವಾದರೆ ಮೂರಕ್ಕೇ ಸಾಕು, 4 ರೂಪಾಯಿಗೆ ಮುಖ ಕೊಯ್ದುಕೊಳ್ಳುವುದರಲ್ಲಿ ಅರ್ಥವಿಲ್ಲ. ಮನೆಯವರೇ ಆದರೂ ಒಬ್ಬರ ಬ್ಲೇಡ್ ಇನ್ನೊಬ್ಬರು ಬಳಸಬಾರದು, ಹೆಪಟೈಟಿಸ್ ಬಿ, ಸಿ ರಕ್ತದ ಮೂಲಕ ಹರಡುತ್ತವೆ.

ಹಳೆಯ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದರೆ ಕಸ ಬೇರ್ಪಡಿಸುವ ಪೌರಕಾರ್ಮಿಕರ ಬೆರಳು ಹೋಗುತ್ತದೆ. ಮುಚ್ಚಳ ಭದ್ರವಾಗಿರುವ ತಗಡಿನ ಡಬ್ಬಿಯೊಂದನ್ನು ತೆಗೆದುಕೊಂಡು, ಮುಚ್ಚಳದಲ್ಲಿ ಬ್ಲೇಡ್ ಗಿಡ್ಡ ತುದಿಯಿಂದ ಇಳಿಯುವಷ್ಟು, ಅಂದರೆ ಎರಡೂವರೆ ಸೆಂಟಿಮೀಟರ್ ಉದ್ದ, ಎರಡು ಮಿಲಿಮೀಟರ್ ಅಗಲದ ಸೀಳು ಮಾಡಿ. ಮುಚ್ಚಳದ ಸುತ್ತ ಟೇಪು ಹಾಕಿಬಿಡಿ. ಕಾಫಿಪುಡಿ ಡಬ್ಬಿಯಷ್ಟು ದೊಡ್ಡದಾದರೆ ವರ್ಷಗಟ್ಟಲೆ ತುಂಬುವುದಿಲ್ಲ. ತುಂಬಿದಾಗ ಸೀಳಿನ ಮೇಲೂ ಟೇಪು ಅಂಟಿಸಿ, ‘ಬ್ಲೇಡ್ ಇದೆ’ ಎಂದು ದಪ್ಪಕ್ಷರದಲ್ಲಿ ಬರೆದು, ಹಸಿ ಕಸ ಒಣ ಕಸ ಎರಡಕ್ಕೂ ಸೇರಿಸದೆ ಕಸದ ಗಾಡಿಯವರ ಕೈಗೇ ಹೇಳಿ ಕೊಡಿ. ಕಾರ್ಟ್ರಿಜ್ ತಲೆಗಳನ್ನೂ ಇದೇ ರೀತಿ ಪ್ರತ್ಯೇಕ ಡಬ್ಬಿಯಲ್ಲಿ ಕೂಡಿಡಬೇಕು. ಪ್ಲಾಸ್ಟಿಕ್ಕಿನೊಳಗೆ ಉಕ್ಕು ಹುದುಗಿರುವುದರಿಂದ ಅವನ್ನು ಬಿಡಿಸಿ ಮರುಬಳಕೆಗೆ ಹಾಕುವುದು ಮನೆಯಲ್ಲಿ ಆಗುವ ಕೆಲಸವಲ್ಲ, ಪ್ರಯತ್ನವೂ ಬೇಡ.